ಬಾಟಲಿಗೆ ಬಂದ ಕಡಲಕಳೆ ಯಾವ ಬಂಡೆಯದು?

ಕಡಲಕಳೆ ಬೆಳೆಯಿರಿ, ದುಡ್ಡು ಕೊಡುತ್ತೇವೆ ಎನ್ನುತ್ತದೆ ಕೇಂದ್ರದ ಒಂದು ಸಚಿವಾಲಯ. ಗಿಡಕ್ಕೆ ಹೊಡೆಯುವ ಕಡಲಕಳೆ ಸಾರವನ್ನು ಅನುಮೋದನೆ ಇಲ್ಲದೆ ಮಾರಿದರೆ ಬಿಡುವುದಿಲ್ಲ ಎನ್ನುತ್ತದೆ ಇನ್ನೊಂದು. ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಲ್ಲಿ ತಾರಸಿ ತೋಟಕ್ಕೆಂದು ‘ಸೀವೀಡ್’ ಬಾಟಲಿ ಕೊಳ್ಳುವವರಿಗೂ, ದೇವನಹಳ್ಳಿ–ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಿಗೆ ಕ್ಯಾನುಗಟ್ಟಲೆ ಒಯ್ಯುವವರಿಗೂ 2025ರ ಮಧ್ಯಭಾಗದಿಂದ ಇದೇ ಗೊಂದಲ. ಇದು ಪ್ರೋತ್ಸಾಹವೋ ನಿಷೇಧವೋ?

ನಿಜದಲ್ಲಿ ಎರಡು ಆದೇಶಗಳ ನಡುವೆ ಜಗಳವಿಲ್ಲ. ಒಂದು ಸಮುದ್ರದಲ್ಲಿ ಬೆಳೆಸುವ ವಿಚಾರ, ಇನ್ನೊಂದು ಬಾಟಲಿಯ ಮೇಲೆ ಬರೆದದ್ದಕ್ಕೆ ಪುರಾವೆ ಕೇಳುವ ವಿಚಾರ. ಆದರೆ ಇವೆರಡರ ನಡುವೆ ಒಂದು ಪ್ರಶ್ನೆ ಜಾರಿಹೋಗಿದೆ. ಬಾಟಲಿಯೊಳಗಿನ ಕಡಲಕಳೆ ಎಲ್ಲಿಂದ ಬಂತು, ಅದನ್ನು ಹೇಗೆ ಕೊಯ್ದರು? ವಿದೇಶದಿಂದ ಬರುವ ಸಾರದಲ್ಲಿ ದೊಡ್ಡ ಪಾಲಿನ ಮೂಲ ಉತ್ತರ ಅಟ್ಲಾಂಟಿಕ್‌ನ ತಣ್ಣನೆಯ ಕೊಲ್ಲಿಗಳ ಬಂಡೆಗಳಲ್ಲಿದೆ. ಅಲ್ಲಿ ಈ ಕಳೆ ಯಾರ ಆಸ್ತಿ ಎಂಬ ವಿಷಯಕ್ಕೆ ಕೋರ್ಟಿನಲ್ಲಿ ವ್ಯಾಜ್ಯವೇ ನಡೆದಿದೆ.

ಜೂನ್ 16ಕ್ಕೆ ಮುಗಿದದ್ದೇನು

ಕಡಲಕಳೆ ಸಾರ ಗೊಬ್ಬರವೂ ಅಲ್ಲ, ಕೀಟನಾಶಕವೂ ಅಲ್ಲ. ಹಾಗಾಗಿ ವರ್ಷಾನುಗಟ್ಟಲೆ ಯಾವ ಕಾನೂನಿನ ಕೈಗೂ ಸಿಗದೆ ಮಾರಾಟವಾಯಿತು. 2021ರ ಫೆಬ್ರುವರಿಯಲ್ಲಿ ಕೇಂದ್ರವು 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ‘ಜೈವಿಕ ಉತ್ತೇಜಕ’ ಎಂಬ ವರ್ಗವನ್ನು ಸೇರಿಸಿತು. ಗಿಡದ ದೇಹಕ್ರಿಯೆಯನ್ನು ಚುರುಕುಗೊಳಿಸಿ, ಪೋಷಕಾಂಶ ಹೀರಿಕೆ, ಇಳುವರಿ, ಒತ್ತಡ ತಾಳುವ ಶಕ್ತಿ ಹೆಚ್ಚಿಸುವ ವಸ್ತು ಎಂಬುದು ಅದರ ವ್ಯಾಖ್ಯೆ. ಕಡಲಕಳೆ ಸಾರ, ಹ್ಯೂಮಿಕ್ ಆಮ್ಲ, ಅಮೈನೋ ಆಮ್ಲ ಎಲ್ಲವೂ ಈ ಬುಟ್ಟಿಗೆ ಬಂದವು.

ಮಾರಾಟದಲ್ಲಿದ್ದ ಉತ್ಪನ್ನಗಳಿಗೆ ತಾತ್ಕಾಲಿಕ ನೋಂದಣಿ ಕೊಟ್ಟು, ಅಷ್ಟರೊಳಗೆ ಪರೀಕ್ಷೆ ಮುಗಿಸಿ ಬನ್ನಿ ಎಂದರು. ಗಡುವನ್ನು ಮತ್ತೆ ಮತ್ತೆ ಮುಂದೂಡಿದರು. ಕೊನೆಗೆ 2025ರ ಜೂನ್ 16ಕ್ಕೆ ಬಾಗಿಲು ಹಾಕಿದರು. ಒಂದು ಕಾಲಕ್ಕೆ ಸುಮಾರು 30,000 ಉತ್ಪನ್ನಗಳು ಹೇಳುವವರು ಕೇಳುವವರಿಲ್ಲದೆ ಮಾರಾಟವಾಗುತ್ತಿದ್ದವು, ಆಮೇಲೆ 8,000ಕ್ಕೆ ಇಳಿದವು, ಈಗ ಉಳಿದಿರುವುದು 650ರ ಆಸುಪಾಸು ಎಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಜುಲೈನಲ್ಲಿ ಹೇಳಿದರು. ಅಂಗಡಿಯ ಕಪಾಟಿನಿಂದ ಕೆಲವು ಬಾಟಲಿಗಳು ಮಾಯವಾದದ್ದು ಹೀಗೆ. ಕಡಲಕಳೆಯನ್ನು ಯಾರೂ ನಿಷೇಧಿಸಿಲ್ಲ. ಪುರಾವೆ ಕೊಡದ ಬ್ರ್ಯಾಂಡುಗಳು ಹೊರಬಿದ್ದಿವೆ, ಅಷ್ಟೇ.

ಅನುಮೋದನೆಗೆ ಕೇಳುವ ದಾಖಲೆಗಳು ಕಡಿಮೆಯೇನಲ್ಲ. ರಾಸಾಯನಿಕ ಸಂಯೋಜನೆ, ವಿಷತ್ವ ಪರೀಕ್ಷೆ, ಬೇರೆ ಬೇರೆ ಹವಾಗುಣದ 3 ಕಡೆ ಕನಿಷ್ಠ ಒಂದು ಹಂಗಾಮಿನ ಪ್ರಯೋಗ, ಎಲ್ಲವೂ ಬೇಕು. ಕೀಟನಾಶಕದ ಅಂಶ 0.01 ಪಿಪಿಎಂ (ಹತ್ತು ಲಕ್ಷದಲ್ಲಿ 0.01 ಪಾಲು) ಮೀರುವಂತಿಲ್ಲ. ಆರ್ಸೆನಿಕ್ ಕಿಲೋಗೆ 10 ಮಿಲಿಗ್ರಾಂ ದಾಟುವಂತಿಲ್ಲ. ಕಂದು ಕಡಲಕಳೆಗಳು ಸಮುದ್ರದ ನೀರಿನಿಂದ ಆರ್ಸೆನಿಕ್ ಹೀರಿ ಕೂಡಿಡುವ ಸ್ವಭಾವದವಾದ್ದರಿಂದ ಈ ಮಿತಿ ಹೆಸರಿಗಷ್ಟೇ ಇರುವುದಲ್ಲ.

ಮೂಲದ ಬಗ್ಗೆ ಆದೇಶ ಕೇಳುವುದು ಮಾತ್ರ ಇಷ್ಟೇ: ಸಸ್ಯದ್ದೋ, ಪ್ರಾಣಿಯದ್ದೋ, ಸೂಕ್ಷ್ಮಾಣುವಿನದ್ದೋ, ಕೃತಕವೋ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಪ್ರಾಣಿಮೂಲದ ಪ್ರೋಟೀನಿನಿಂದ ತಯಾರಾದ 11 ಉತ್ಪನ್ನಗಳ ಅನುಮೋದನೆಯನ್ನು ಧಾರ್ಮಿಕ, ಆಹಾರ ಸಂಬಂಧಿ ಆಕ್ಷೇಪಗಳ ಕಾರಣಕ್ಕೆ ಹಿಂಪಡೆದರು. ಅಂದರೆ ‘ಎಲ್ಲಿಂದ ಬಂತು’ ಎಂದು ಕೇಳುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಕಡಲಕಳೆಯ ವಿಷಯದಲ್ಲಿ ಕೇಳಿಲ್ಲ.

ಕಪಾಟು ಒಂದೇ, ಗಿಡ ಮೂರು

ನಮ್ಮ ಮಾರುಕಟ್ಟೆಯ ಸೀವೀಡ್ ಬಾಟಲಿಗಳಲ್ಲಿ ಹೆಚ್ಚಾಗಿ ಸಿಗುವುದು ಮೂರು ಗಿಡಗಳು. ಆಸ್ಕೋಫಿಲಂ ನೋಡೋಸಂ ಕಂದು ಕಳೆ. ಕೆನಡಾ, ಅಮೆರಿಕದ ಮೇನ್ ರಾಜ್ಯ, ಐರ್ಲೆಂಡ್, ನಾರ್ವೆಯ ಬಂಡೆಗಳಲ್ಲಿ ತಾನಾಗಿ ಬೆಳೆಯುತ್ತದೆ. ಅಲ್ಲಿನವರು ರಾಕ್‌ವೀಡ್ ಎನ್ನುತ್ತಾರೆ. ಕಪ್ಪಾಫೈಕಸ್ ಕೆಂಪು ಕಳೆ. ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ತೆಪ್ಪಕ್ಕೆ ಕಟ್ಟಿ ಬೆಳೆಸುತ್ತಾರೆ. ಮೂರನೆಯದು ಸರ್ಗಾಸಂ. ಇದೂ ಕಂದು, ನಮ್ಮ ಬೆಚ್ಚನೆಯ ಕಡಲಿನ ಬಂಡೆಗಳಲ್ಲಿ ಕಾಡುಗಿಡವಾಗಿ ಬೆಳೆಯುವಂಥದ್ದು. ಸಸ್ಯವರ್ಗೀಕರಣದಲ್ಲಿ ರಾಕ್‌ವೀಡ್‌ನ ದಾಯಾದಿ.

ಕೈತೋಟದ ಗುಲಾಬಿಗೆ ಇವುಗಳ ವ್ಯತ್ಯಾಸ ದೊಡ್ಡದಲ್ಲದಿರಬಹುದು. ಕಡಲಿಗೆ ಬಹಳ ದೊಡ್ಡದು. ತೆಪ್ಪದ ಕಪ್ಪಾಫೈಕಸ್ 45 ದಿನದ ಬೆಳೆ. ಬಂಡೆಯ ರಾಕ್‌ವೀಡ್‌ಗೆ ತನ್ನ ಪೂರ್ತಿ ಎತ್ತರ ತಲುಪಲು ಹಲವು ವರ್ಷ ಬೇಕು.

ಅಲೆಯಿಲ್ಲದ ಬಂಡೆಯ ಮೇಲೆ

ಬಂಡೆಗಳಿರುವ ಕಡಲತೀರಗಳೆಲ್ಲ ಒಂದೇ ಥರ ಅಲ್ಲ. ತೆರೆದ ಸಮುದ್ರಕ್ಕೆ ಎದೆಕೊಟ್ಟ ಬಂಡೆಯ ಮೇಲೆ ಬಾರ್ನಕಲ್, ಪಚ್ಚಿಲೆ, ಲಿಂಪೆಟ್‌ಗಳ ರಾಜ್ಯ. ಅವು ಚಿಪ್ಪಿನೊಳಗೆ ಕೂತು ಅಲೆಯ ಹೊಡೆತ ತಾಳುತ್ತವೆ. ಕೊಲ್ಲಿಯ ಒಳಗೆ, ದ್ವೀಪದ ಮರೆಯಲ್ಲಿ, ಭೂಮಿಯೊಳಗೆ ಚಾಚಿದ ಕಡಲತೋಳಿನಲ್ಲಿ ಅಲೆ ಸತ್ತಿರುತ್ತದೆ. ಅಲ್ಲಿ ಲೆಕ್ಕ ತಿರುಗಿ ಕಂದು ಕಳೆಗಳು ಬಂಡೆಯನ್ನು ಪೂರ್ತಿ ಹೊದೆಯುತ್ತವೆ.

ಕಾರಣ ಎರಡು. ರಾಕ್‌ವೀಡ್‌ನ ಎಳೆಗಳು ಒಂದೆರಡು ಮೀಟರ್ ಉದ್ದ. ಅಲೆ ಜೋರಿದ್ದರೆ ಎಳೆದು ಕಿತ್ತುಬಿಡುತ್ತದೆ. ಅದಕ್ಕಿಂತ ಮುಖ್ಯ, ಅದರ ಮೊಳಕೆ ಬಂಡೆಗೆ ಅಂಟಿಕೊಳ್ಳಲು ತೀರಾ ನಿಧಾನ. ಫಲಿತ ಅಂಡ ಕಲ್ಲಿನ ಮೇಲೆ ಕೂತು ಹಿಡಿತ ಸಿಗುವ ಮೊದಲು ಸಣ್ಣ ಅಲೆ ಬಂದರೂ ತೊಳೆದುಹೋಗುತ್ತದೆ. ಅದನ್ನು ದಾಟಿದವನ್ನು ಲಿಂಪೆಟ್ ಮತ್ತು ಬಸವನಹುಳುಗಳು ಕೆರೆದು ತಿನ್ನುತ್ತವೆ. ಲಕ್ಷಾಂತರ ಅಂಡಗಳಲ್ಲಿ ಬಂಡೆಗೆ ನೆಲೆಯಾಗುವುದು ಬೆರಳೆಣಿಕೆಯಷ್ಟು. ಹೀಗಾಗಿ ಈ ಗಿಡ ಬಾಳುವುದು ಹೊಸ ಸಸಿಗಳ ಬಲದಿಂದಲ್ಲ, ಹಳೆಯ ಬುಡಗಳ ಆಯುಸ್ಸಿನಿಂದ. ಒಂದು ಬುಡ ಹಲವು ದಶಕ ಬದುಕುತ್ತದೆ, ಅದರಿಂದ ಹೊಸ ಎಳೆಗಳು ಚಿಗುರುತ್ತಲೇ ಇರುತ್ತವೆ.

ವಯಸ್ಸು ತಿಳಿಯಲು ಪ್ರಯೋಗಾಲಯವೇನೂ ಬೇಡ. ಎಳೆಯೊಂದು ಎರಡು–ಮೂರು ವರ್ಷ ದಾಟಿದ ಮೇಲೆ ವರ್ಷಕ್ಕೊಂದು ಗಾಳಿಬುರುಡೆ ಕಟ್ಟುತ್ತದೆ. ಮೊಟ್ಟೆಯ ಆಕಾರದ, ಬೆರಳಲ್ಲಿ ಒತ್ತಿದರೆ ಪಟ್ಟೆಂದು ಒಡೆಯುವ ಗಂಟು. ತುದಿಯಿಂದ ಬುಡದವರೆಗೆ ಬುರುಡೆ ಎಣಿಸಿ ಮೊದಲ ವರ್ಷಗಳನ್ನು ಸೇರಿಸಿದರೆ ಎಳೆಯ ವಯಸ್ಸು ಹೆಚ್ಚುಕಮ್ಮಿ ಸಿಕ್ಕಿತು. ಉಬ್ಬರ ಬಂದಾಗ ಈ ಬುರುಡೆಗಳೇ ಎಳೆಗಳನ್ನು ನೆಟ್ಟಗೆ ನಿಲ್ಲಿಸಿ ಬೆಳಕಿಗೆ ಒಡ್ಡುತ್ತವೆ. ಇಳಿತದಲ್ಲಿ ಇಡೀ ಕಾಡು ಬಂಡೆಯ ಮೇಲೆ ಒದ್ದೆ ಕಂಬಳಿಯಾಗಿ ಮಲಗುತ್ತದೆ.

ಐರ್ಲೆಂಡ್, ಸ್ಕಾಟ್ಲೆಂಡ್‌ನ ಇಂಥ ತೀರಗಳಲ್ಲಿ ಕಳೆಗಳು ಮೇಲಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಕೂತಿರುತ್ತವೆ. ಎಲ್ಲಕ್ಕಿಂತ ಮೇಲೆ ಪೆಲ್ವೆಶಿಯಾ. ನೀರಿಲ್ಲದೆ ವಾರದಷ್ಟು ದಿನ ಒಣಗಿ ಗರಿಗರಿಯಾದರೂ ಬದುಕುತ್ತದೆ, ಹೆಚ್ಚು ಹೊತ್ತು ನೀರಿನಲ್ಲಿಟ್ಟರೆ ಕೊಳೆಯುತ್ತದೆ. ಅದರ ಕೆಳಗೆ ಸುರುಳಿ ಫ್ಯೂಕಸ್, ನಡುವೆ ರಾಕ್‌ವೀಡ್ ಮತ್ತು ಬುರುಡೆ ಫ್ಯೂಕಸ್, ಇನ್ನೂ ಕೆಳಗೆ ಗರಗಸದ ಅಂಚಿನ ಫ್ಯೂಕಸ್, ಆಮೇಲೆ ಸದಾ ಮುಳುಗಿರುವ ಕೆಲ್ಪ್ ಎಂಬ ದೊಡ್ಡ ಕಂದು ಕಳೆ. ಮೇಲಿನ ಗೆರೆಯನ್ನು ನಿರ್ಧರಿಸುವುದು ಒಣಗು ತಾಳುವ ಶಕ್ತಿ. ಕೆಳಗಿನ ಗೆರೆಯನ್ನು ಪಕ್ಕದ ಗಿಡದ ಪೈಪೋಟಿ. ಬುರುಡೆ ಫ್ಯೂಕಸ್ ಅಲೆ ಹೆಚ್ಚಿರುವ ಕಡೆ ಬೆಳೆದರೆ ಬುರುಡೆ ಕಟ್ಟುವುದನ್ನೇ ಬಿಡುತ್ತದೆ, ಅಲೆಗೆ ಹಿಡಿ ಸಿಗಬಾರದೆಂದು.

ಈ ಹೊದಿಕೆಯ ಅಡಿಯಲ್ಲಿ ಬೇರೆಯೇ ಹವೆ. ಬಿಸಿಲಿನ ದಿನ ಇಳಿತದಲ್ಲಿ ಬರಿಗಲ್ಲು ಕಾದರೆ ಎಳೆಗಳ ಕೆಳಗಿನ ಕಲ್ಲು ಹಲವು ಡಿಗ್ರಿ ತಂಪಾಗಿ, ಒದ್ದೆಯಾಗಿ ಉಳಿಯುತ್ತದೆ. ಶಂಖದಹುಳು, ಏಡಿಮರಿ, ಸ್ಪಂಜು, ಕೆಂಪು ಪಾಚಿ ಎಲ್ಲ ಅಲ್ಲಿ ಬದುಕುತ್ತವೆ. ಉಬ್ಬರದಲ್ಲಿ ಮೀನಿನ ಮರಿಗಳು ಎಳೆಗಳ ನಡುವೆ ಅಡಗುತ್ತವೆ. ಹೊದಿಕೆ ಹೋದರೆ ಹೋಗುವುದು ಒಂದು ಗಿಡವಲ್ಲ, ಅದರಡಿಯ ಇಡೀ ಕೇರಿ.

ಕೊಯ್ಯುವವರ ಲೆಕ್ಕ, ಕಾಯುವವರ ಲೆಕ್ಕ

ಕೊಯ್ಲು ನಡೆಯುವುದು ಹೀಗೆ. ಉಬ್ಬರ ತುಂಬಿ ಎಳೆಗಳು ನೆಟ್ಟಗೆ ನಿಂತಾಗ ಸಣ್ಣ ದೋಣಿಯಲ್ಲಿ ಹೋಗಿ, ಬ್ಲೇಡು ಕೂಡಿಸಿದ ಉದ್ದ ಹಿಡಿಯ ಕುಂಟೆಯಿಂದ ಮೇಲ್ಭಾಗವನ್ನು ಕತ್ತರಿಸಿ ಎಳೆದುಕೊಳ್ಳುತ್ತಾರೆ. ನಾರ್ವೆಯಲ್ಲಿ ಚಪ್ಪಟೆ ತಳದ ಯಂತ್ರದೋಣಿಗಳೂ ಇವೆ. 4 ಟನ್ ಹಸಿ ಕಳೆ ಒಣಗಿದರೆ ಸುಮಾರು ಒಂದು ಟನ್. ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜೊತೆ ಕಾಯಿಸಿ ಸಾರ ತೆಗೆಯುವುದು ಹೆಚ್ಚು ಬಳಕೆಯ ವಿಧಾನ. ಬಾಟಲಿಯ ಮೇಲೆ ಕಾಣುವ ಪೊಟ್ಯಾಷ್‌ನ ಒಂದು ಪಾಲು ಈ ಕ್ಷಾರದಿಂದ ಬಂದದ್ದೇ.

ಉದ್ಯಮದ ವಾದ ಸುಳ್ಳೇನಲ್ಲ. ಬುಡ ಉಳಿಸಿ ತುದಿ ಕತ್ತರಿಸಿದರೆ ಕರಿಬೇವಿನ ಗಿಡ ಚಿವುಟಿದ ಹಾಗೆ ಪಕ್ಕದ ಚಿಗುರು ಬಲಿಯುತ್ತದೆ, ಕೆಲವೇ ವರ್ಷಗಳಲ್ಲಿ ತೂಕ ಮರಳುತ್ತದೆ. ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಕೊಯ್ಯಬಹುದಾದ ಕಳೆಯ ಶೇ 17ಕ್ಕಿಂತ ಹೆಚ್ಚನ್ನು ಒಂದು ವರ್ಷದಲ್ಲಿ ತೆಗೆಯುವಂತಿಲ್ಲ, ಬುಡದಿಂದ 12.7 ಸೆಂ.ಮೀ. ಬಿಡಬೇಕು. ಮೇನ್‌ನಲ್ಲಿ ಬಿಡಬೇಕಾದದ್ದು 16 ಇಂಚು, ಅಂದರೆ 40 ಸೆಂ.ಮೀ. ಕಡಲಂಚಿನ ಬಡ ಊರುಗಳಿಗೆ ಇದು ಮೀನಿಲ್ಲದ ಕಾಲದ ಕೂಲಿಯೂ ಹೌದು.

ಜೀವವಿಜ್ಞಾನಿಗಳ ತಕರಾರು ತೂಕದ್ದಲ್ಲ, ಎತ್ತರದ್ದು. ಟನ್ನು ಮರಳಿ ಬಂದಿತೆಂದರೆ ಕಾಡು ಮರಳಿತೆಂದು ಅರ್ಥವಲ್ಲ. ಕತ್ತರಿಸಿದ ಮೇಲೆ ಗಿಡ ಗಿಡ್ಡಗೆ, ಪೊದೆಯಂತೆ ಬೆಳೆಯುತ್ತದೆ; ನೀರಿನಲ್ಲಿ ನೆಟ್ಟಗೆ ನಿಲ್ಲುತ್ತಿದ್ದ ಎತ್ತರ ತುಂಬಲು ಇನ್ನೂ ಹೆಚ್ಚು ಕಾಲ ಬೇಕು. ಮೊಂಡು ಬ್ಲೇಡಿನ ಕುಂಟೆ, ಅವಸರದ ಕೈ, ಪುಡಿಗಲ್ಲಿನ ನೆಲ, ಇವುಗಳಲ್ಲಿ ಯಾವುದಿದ್ದರೂ ಗಿಡ ಬುಡಸಮೇತ ಕಿತ್ತು ಬರುತ್ತದೆ. ಆಗ ಚಿಗುರುವುದಕ್ಕೆ ಏನೂ ಉಳಿಯುವುದಿಲ್ಲ. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಸಂಶೋಧಕರು ಪ್ರಯೋಗಕ್ಕೆಂದು ರಾಕ್‌ವೀಡ್ ಹೊದಿಕೆಯನ್ನು ತೆಗೆದು 12 ವರ್ಷದ ನಂತರ ನೋಡಿದರೂ ಹಳೆಯ ಸ್ಥಿತಿ ಬಂದಿರಲಿಲ್ಲ. ಬೇಗ ಬೆಳೆಯುವ ಫ್ಯೂಕಸ್ ಜಾಗ ಹಿಡಿದಿತ್ತು, ಲಿಂಪೆಟ್‌ಗಳು ಹೆಚ್ಚಿದ್ದವು.

ನನ್ನ ಲೆಕ್ಕದಲ್ಲಿ ಎರಡೂ ಕಡೆಯವರು ಹೇಳುವುದು ಸರಿ, ಅಳೆಯುವ ಕೋಲು ಬೇರೆ. ಶೇಕಡಾವಾರು ಮಿತಿ ಇಡೀ ಕೊಲ್ಲಿಗೆ ಲೆಕ್ಕ. ಹಾನಿ ಆಗುವುದು ಒಂದೊಂದು ಬಂಡೆಗೆ. ಕೊಲ್ಲಿಯ ಸರಾಸರಿ ಮಿತಿಯೊಳಗಿದ್ದರೂ ದೋಣಿ ಸುಲಭವಾಗಿ ತಲುಪುವ ನಾಲ್ಕು ಬಂಡೆ ಬೋಳಾಗಬಹುದು.

ಮೇನ್‌ನ ವ್ಯಾಜ್ಯ ಇದಕ್ಕಿಂತ ಬೇರೆ ದಾರಿಯದು. ಅಲ್ಲಿ 17ನೇ ಶತಮಾನದ ವಸಾಹತು ಕಾನೂನಿನಿಂದ ಬಂದ ಪದ್ಧತಿಯಂತೆ ಕಡಲಂಚಿನ ಜಮೀನಿನ ಮಾಲೀಕತ್ವ ಇಳಿತದ ಗೆರೆಯವರೆಗೂ ಹೋಗುತ್ತದೆ. ಸಾರ್ವಜನಿಕರಿಗೆ ಉಳಿದದ್ದು ಮೀನು ಹಿಡಿಯುವ, ಹಕ್ಕಿ ಬೇಟೆಯ, ದೋಣಿ ನಡೆಸುವ ಹಕ್ಕು. ಕೆನಡಾದ ಅಕೇಡಿಯನ್ ಸೀಪ್ಲಾಂಟ್ಸ್ ಕಂಪನಿ ಅನುಮತಿ ಇಲ್ಲದೆ ಕೊಯ್ದಾಗ ಜಮೀನಿನವರು ಕೋರ್ಟಿಗೆ ಹೋದರು. ಬಂಡೆಗೆ ಅಂಟಿದ ಕಳೆಯನ್ನು ಕತ್ತರಿಸುವುದು ಮೀನುಗಾರಿಕೆಯಲ್ಲ, ಅದು ಜಮೀನಿನ ಮಾಲೀಕರ ಸ್ವತ್ತು ಎಂದು 2019ರ ಮಾರ್ಚ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪರಿಸರದ ಕಾರಣಕ್ಕೆ ಬಂದ ತೀರ್ಪಲ್ಲ ಇದು. ಮಾಲೀಕ ಒಪ್ಪಿದರೆ ಕೊಯ್ಲಿಗೆ ತಡೆಯಿಲ್ಲ.

ತೆಪ್ಪದ ಬೆಳೆಯ ಕಷ್ಟ

ಹಾಗಾದರೆ ಬೆಳೆಸಿದ ಕಳೆಯನ್ನೇ ಬಳಸಿದರಾಯಿತಲ್ಲ? ಕೇಂದ್ರದ ಆಶಯವೂ ಅದೇ. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಕಳೆಗೆಂದೇ 640 ಕೋಟಿ ರೂ. ಇಟ್ಟು, 2025ಕ್ಕೆ 11.2 ಲಕ್ಷ ಟನ್ ಗುರಿ ಹಾಕಿದರು. 12 ಅಡಿ ಚೌಕದ ಬಿದಿರಿನ ತೆಪ್ಪಕ್ಕೆ 60 ಕಿಲೋ ಬೀಜದ ತುಂಡು ಕಟ್ಟಿದರೆ 45 ದಿನಕ್ಕೆ 200 ಕಿಲೋ ಮೀರಿ ಬರುತ್ತದೆ. ಹಸಿ ಕಪ್ಪಾಫೈಕಸ್ ಅರೆದು ಸಾರ ಹಿಂಡಿ, ಉಳಿದ ಚರಟದಿಂದ ಆಹಾರ ಗಟ್ಟಿಗೊಳಿಸಲು ಬಳಸುವ ಕ್ಯಾರಗೀನನ್ ತೆಗೆಯುವ ವಿಧಾನ ರೂಪಿಸಿದ್ದು ಭಾವನಗರದ ಕೇಂದ್ರ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ. ಬಂಡೆ ಬೋಳಾಗುವ ಮಾತೇ ಇಲ್ಲ.

ಕಷ್ಟ ಬೇರೆ ಕಡೆ ಇದೆ. ಕಪ್ಪಾಫೈಕಸ್ ನಮ್ಮ ಕಡಲಿನದ್ದಲ್ಲ. ತೆಪ್ಪದಿಂದ ಮುರಿದ ತುಂಡು ತೇಲಿಹೋಗಿ ಎಲ್ಲಿ ಸಿಕ್ಕಿಕೊಂಡರೂ ಬೆಳೆಯುತ್ತದೆ. 2008ರಲ್ಲಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ ಅದು ಹೊದ್ದುಕೊಂಡದ್ದು ವರದಿಯಾಯಿತು. ನೀರು ಕಾದರೆ ಬೆಳೆಯೇ ಸಾಯುತ್ತದೆ. 2013ರ ನಂತರದ ಸಾಮೂಹಿಕ ಸಾವು ರಾಮನಾಥಪುರದ ಬೆಳೆಗಾರರನ್ನು ನೆಲಕಚ್ಚಿಸಿತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ತೊಡಕು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲೆ ತೆಪ್ಪ ಮುರಿಯುತ್ತದೆ, ಕಾಳಿ–ಶರಾವತಿಯ ಮಳೆನೀರು ಅಂಚಿನ ಉಪ್ಪನ್ನು ಇಳಿಸುತ್ತದೆ. ವರ್ಷವಿಡೀ ಬೆಳೆ ಎಂಬ ಮಾತು ಇಲ್ಲಿ ನಡೆಯದು.

ನಮ್ಮ ಬಂಡೆಗಳಿಗೆ ಪಟ್ಟಿಯಲ್ಲಿ ಜಾಗವಿಲ್ಲ

ಕರ್ನಾಟಕದ ಸುಮಾರು 320 ಕಿ.ಮೀ. ಕರಾವಳಿಯಲ್ಲಿ ಬಹುಪಾಲು ಮರಳು. ಬಂಡೆಗಳಿರುವುದು ಕಾರವಾರ, ಬೇಲೇಕೇರಿ, ಗೋಕರ್ಣ, ಮುರುಡೇಶ್ವರ, ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪ, ಸುರತ್ಕಲ್, ಸೋಮೇಶ್ವರದಂಥ ಕಡೆ. ರಾಕ್‌ವೀಡ್ ಇಲ್ಲಿಲ್ಲ. ಸರ್ಗಾಸಂ, ಪಡೀನಾ, ಉಲ್ವಾ, ಕಾಲರ್ಪಾ, ಗ್ರಾಸಿಲೇರಿಯಾ ಇವೆ. ನಮ್ಮ ಬಂಡೆಗಳ ಕಳೆ ಅಲ್ಲಿನಂತೆ ದಶಕಗಳ ಕಾಡಲ್ಲ, ಹಂಗಾಮಿನ ಬೆಳೆ. ಮಳೆಗಾಲದ ಅಲೆ ತೊಳೆದುಬಿಡುತ್ತದೆ, ದಸರೆಯ ಹೊತ್ತಿಗೆ ಚಿಗುರುತ್ತದೆ, ಚಳಿಗಾಲದಲ್ಲಿ ತುಂಬುತ್ತದೆ, ಏಪ್ರಿಲ್–ಮೇ ಬಿಸಿಲಿಗೆ ಮೇಲಿನ ಪಟ್ಟಿ ಸುಟ್ಟುಹೋಗುತ್ತದೆ. ಇಲ್ಲಿ ಉಬ್ಬರ–ಇಳಿತದ ಅಂತರ 2 ಮೀಟರಿನ ಆಸುಪಾಸು. ಕೆನಡಾದ ಫಂಡಿ ಕೊಲ್ಲಿಯಲ್ಲಿ 16 ಮೀಟರಿನವರೆಗೆ. ಹಾಗಾಗಿ ನಮ್ಮಲ್ಲಿ ಕಳೆಯ ಪಟ್ಟಿಯೂ ಕಿರಿದು.

ಕಿರಿದಾದ್ದರಿಂದಲೇ ಬೇಗ ಬರಿದಾಗುತ್ತದೆ. ಸರ್ಗಾಸಂ ಬೀಜಕಟ್ಟುವ ಮೊದಲೇ ಬುಡಸಮೇತ ಕಿತ್ತರೆ ಮುಂದಿನ ವರ್ಷ ಆ ಬಂಡೆಗೆ ಬೀಜವಿಲ್ಲ. ಅಲೆತಡೆ ಗೋಡೆ ಕಟ್ಟಿದರೆ ಒಳಗಿನ ನೀರು ಶಾಂತವಾಗುವುದೇನೋ ನಿಜ, ಆದರೆ ಅದರ ಜೊತೆ ಕೆಸರೂ ಕೂರುತ್ತದೆ. ಕೆಸರು ಕೂತ ಕಲ್ಲಿಗೆ ಮೊಳಕೆ ಅಂಟುವುದಿಲ್ಲ.

ಕಾನೂನು ಏನು ಹೇಳುತ್ತದೆ? 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಅತಿಸೂಕ್ಷ್ಮವೆಂದು ಗುರುತಿಸಿದ ಪಟ್ಟಿಯಲ್ಲಿ ಮ್ಯಾಂಗ್ರೋವ್, ಹವಳ, ಮರಳುದಿಬ್ಬ, ಆಮೆ ಮೊಟ್ಟೆಯಿಡುವ ಜಾಗ, ಕಡಲಹುಲ್ಲಿನ ಹಾಸು ಎಲ್ಲ ಇವೆ. ಕಡಲಕಳೆ ಹೊದ್ದ ಬಂಡೆ ಇಲ್ಲ. ಉಬ್ಬರ–ಇಳಿತದ ನಡುವಿನ ಜಾಗವೆಂಬ ಸಾಮಾನ್ಯ ವರ್ಗದ ರಕ್ಷಣೆಯಷ್ಟೇ ಅದಕ್ಕೆ. ಮೇನ್‌ನಲ್ಲಿ ತಡೆಯಲು ಒಬ್ಬ ಮಾಲೀಕನಾದರೂ ಇದ್ದ; ಇಲ್ಲಿ ಬಂಡೆ ಸರ್ಕಾರದ್ದು, ಕೇಳುವವರು ಯಾರು ಎಂಬುದೇ ಅಸ್ಪಷ್ಟ.

ಮುಂದೆ ಆಗಬಹುದಾದದ್ದು

ಪ್ರಯೋಗ, ವಿಷತ್ವ ಪರೀಕ್ಷೆಗಳ ಖರ್ಚು ಭರಿಸಬಲ್ಲವರು ದೊಡ್ಡ ಕಂಪನಿಗಳು. ಆದ್ದರಿಂದ ಬ್ರ್ಯಾಂಡುಗಳು ಕಡಿಮೆಯಾಗಿ, ಉಳಿದವುಗಳ ಮಾರಾಟ ಹೆಚ್ಚುತ್ತದೆ. ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಆಸ್ಕೋಫಿಲಂ ಮೇಲೆಯೇ ಆದ್ದರಿಂದ ಪುರಾವೆ ಕೊಡುವುದು ಅದಕ್ಕೆ ಸುಲಭ. ಅಂದರೆ ನಮ್ಮ ಹೊಸ ಕಟ್ಟುನಿಟ್ಟು, ಯಾರೂ ಬಯಸದೆಯೇ, ದೂರದ ಕಾಡುಬಂಡೆಗಳ ಮೇಲಿನ ಬೇಡಿಕೆಯನ್ನು ಹೆಚ್ಚಿಸಬಹುದು. ಅಲ್ಲಿನ ಕಡಲು ಬಿಸಿಯಾಗುತ್ತಿದ್ದು, ದಕ್ಷಿಣದ ಅಂಚಿನಲ್ಲಿ ರಾಕ್‌ವೀಡ್ ಈಗಾಗಲೇ ಒತ್ತಡದಲ್ಲಿದೆ. ಆಮದು ದುಬಾರಿಯಾದರೆ ದೇಶಿ ಸರ್ಗಾಸಂ ಕಡೆಗೆ ಕೈ ಚಾಚುವುದು ಸಹಜ. ಅದನ್ನು ಬೆಳೆಸುವವರು ಕಡಿಮೆ, ಬಂಡೆಯಿಂದ ಕೀಳುವವರೇ ಹೆಚ್ಚು. ಮೂರರಲ್ಲಿ ನಿಯಮ ಅತಿ ತೆಳುವಾಗಿರುವುದು ಈ ಮೂರನೆಯದಕ್ಕೇ. ಅನುಮೋದನೆಯ ಅರ್ಜಿಯಲ್ಲಿ ಕೊಯ್ದ ಜಾಗ, ಬೆಳೆಸಿದ್ದೋ ಕಾಡಿನದ್ದೋ ಎಂಬ ಎರಡು ಸಾಲು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ.

ಕೊಳ್ಳುವವರು ನೋಡಬೇಕಾದ್ದು

ಲೇಬಲ್ಲಿನಲ್ಲಿ ಗಿಡದ ಜಾತಿಯ ಹೆಸರಿದೆಯೇ ನೋಡಿ. ಬರೀ ‘ಸೀವೀಡ್’ ಎಂದಿದ್ದರೆ ಬಿಡಿ. ಅನುಮೋದನೆ ಸಿಗುವುದು ಪರೀಕ್ಷೆಯಾದ ಬೆಳೆಗೆ. ಟೊಮ್ಯಾಟೊಗೆ ಪಾಸಾದದ್ದು ಬೆಂಗಳೂರು ಬ್ಲೂ ದ್ರಾಕ್ಷಿಗೂ ಅದೇ ಫಲ ಕೊಡುತ್ತದೆಂದು ಯಾರೂ ಪರೀಕ್ಷಿಸಿರುವುದಿಲ್ಲ. ಇದು ಗೊಬ್ಬರಕ್ಕೆ ಬದಲಿಯೂ ಅಲ್ಲ, ಸಾರಜನಕ–ರಂಜಕ ಇದರಲ್ಲಿ ಲೆಕ್ಕಕ್ಕಿಲ್ಲ. ಹಸಿದ ಗಿಡಕ್ಕೆ ಹೊಡೆದರೆ ಹಸಿವು ನೀಗುವುದಿಲ್ಲ.

ಸಾಮಾನ್ಯ ಪ್ರಮಾಣ ಲೀಟರಿಗೆ 2–3 ಮಿ.ಲೀ.; ಬಾಟಲಿಯಲ್ಲಿ ಬೇರೆ ಬರೆದಿದ್ದರೆ ಅದೇ ಅಂತಿಮ. ಬೆಳಗ್ಗೆ ಅಥವಾ ಬಿಸಿಲಿಳಿದ ಮೇಲೆ, ಎಲೆಯ ಎರಡೂ ಬದಿ ತೋಯುವಂತೆ ಹೊಡೆಯಿರಿ. ಬೆಂಗಳೂರಿನಲ್ಲಿ ಹೆಚ್ಚು ಕೈಕೊಡುವುದು ಬೋರ್‌ವೆಲ್ ನೀರು. ಕಂದು ಕಳೆಯ ಸಾರದಲ್ಲಿ ಆಲ್ಜಿನೇಟ್ ಎಂಬ ಲೋಳೆ ವಸ್ತು ಇರುತ್ತದೆ, ಗಡಸು ನೀರಿನ ಕ್ಯಾಲ್ಸಿಯಂ ಸೇರಿದರೆ ಅದು ಅಂಟಾಗಿ ಗಟ್ಟಿಯಾಗುತ್ತದೆ, ಸ್ಪ್ರೇಯರಿನ ನಾಝಲ್ ಕಟ್ಟಿಕೊಳ್ಳುತ್ತದೆ. ಕಾವೇರಿ ನೀರು ಅಥವಾ ಮಳೆನೀರು ಒಳ್ಳೆಯದು. ಕ್ಯಾಲ್ಸಿಯಂ ನೈಟ್ರೇಟ್, ತಾಮ್ರದ ಶಿಲೀಂಧ್ರನಾಶಕಗಳ ಜೊತೆ ಒಂದೇ ಟ್ಯಾಂಕಿಗೆ ಹಾಕಬೇಡಿ. ಕ್ಷಾರದಲ್ಲಿ ತೆಗೆದ ಸಾರದ ಪಿಎಚ್ ಹೆಚ್ಚಿರುವುದರಿಂದ ಅವು ಕೆಳಗೆ ಕೂರುತ್ತವೆ. ಅನುಮಾನವಿದ್ದರೆ ಗಾಜಿನ ಜಾರಿನಲ್ಲಿ ಒಂದು ಲೀಟರ್ ನೀರಿಗೆ ಅದೇ ಪ್ರಮಾಣದಲ್ಲಿ ಬೆರೆಸಿ ಅರ್ಧ ಗಂಟೆ ಬಿಡಿ. ತಳದಲ್ಲಿ ಲೋಳೆಯೋ ಚರಟವೋ ಕಂಡರೆ ಆ ನೀರು ಬೇಡ.